ಧಣಿಗಳ ಎರಡನೇ ಹುರಿ

“ಈ ಪಟ್ಟಿ ನಮ್ಮ ಧಣಿಗಳು ಬರೆದದ್ದಲ್ಲ,” ಎಂದೆ.

ಸಾರ್ಜೆಂಟ್ ಮರ್ಡೊ ಗಿಲ್ಲೀಸ್ ನನ್ನ ಅಡುಗೆಮನೆಯ ಮೇಜಿನ ತುದಿಯಲ್ಲಿ ಕೂತು ಓಟ್ಸ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ. ಚಾಕು ಅಲ್ಲೇ ನಿಂತಿತು.

“ಅಕ್ಷರ ಅವರದೇ ಅಲ್ವಾ, ಮಿಸೆಸ್ ಬೇನ್?”

“ಅಕ್ಷರ ಅವರದರ ಹಾಗೇ ಇದೆ. ಬುದ್ಧಿ ಅವರದಲ್ಲ. ಎರಡನೇ ನಂಬರು ನೋಡೋ.”

ಅವನು ನೋಡಿದ. ರೊಟ್ಟಿಯನ್ನು ತಟ್ಟೆಯಲ್ಲಿಟ್ಟ. ಕಿವಿಯ ತುದಿ ಕೆಂಪಾಯಿತು. ಏಳು ವರ್ಷದವನಿದ್ದಾಗ ನನ್ನ ಜಾಮ್ ಕದ್ದು ಸಿಕ್ಕಿಬಿದ್ದಾಗಲೂ ಅವನ ಕಿವಿ ಹೀಗೇ ಕೆಂಪಾಗಿತ್ತು. ಆದರೆ ಇವತ್ತಿನದು ನಾಚಿಕೆಯಲ್ಲ, ಸಿಟ್ಟು.

ಸರ್ ಲುಡೋವಿಕ್ ಲಾರಿಮರ್, ಆರ್ಡ್‌ವ್ಯಾನಿಯ ಧಣಿ, ಇಪ್ಪತ್ತೆರಡು ವರ್ಷ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮ ಸೀಮೆಯ ಬಾಯಿಯಾಗಿದ್ದವರು, ಮಂಗಳವಾರ ಸಾಯಂಕಾಲ ಐದಕ್ಕೆ ತಿರುಗಾಡಲು ಹೋದವರು ಏಳರ ಊಟಕ್ಕೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಸೇತುವೆಯ ಕೆಳಗಿನ ಸಾಲ್ಮನ್ ಮೀನಿನ ಮಡುವಿನಲ್ಲಿ ಮುಖ ಕೆಳಗಾಗಿ ಸಿಕ್ಕಿದರು. ಎಡಗಿವಿಯ ಹಿಂದೆ ಏಟು ಬಿದ್ದ ಗಾಯ. ಡಾಕ್ಟರು ಅಳೆದು ಬರೆದುಕೊಂಡಿದ್ದರು. ಟಗರಿನ ಕೊಂಬಿನ ಹಿಡಿಯಿದ್ದ ಅವರ ಕೋಲು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಮರ್ಡೊ ಮೂರು ದಿನ ಸೊಂಟದ ತನಕ ನೀರಲ್ಲಿ ನಿಂತು ಹುಡುಕಿ ಮೂಗು ಕಟ್ಟಿಸಿಕೊಂಡಿದ್ದ.

ಇವತ್ತು ಶನಿವಾರ. ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣು.

ನಮ್ಮ ಕಡೆ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಕೂಲಿಯವರ ಕೆಲಸವಲ್ಲ. ಎಂಟು ಕಪ್ಪು ಹುರಿ, ಎಂಟು ಜನ. ತಲೆಯ ಕಡೆಯದು ಒಂದನೇ ಹುರಿ, ಅದು ಮನೆಯ ವಾರಸುದಾರರದು. ಕಾಲಿನ ಕಡೆಯದು ಎರಡನೆಯದು. ಮಿಕ್ಕವು ನೆಂಟರಿಗೆ, ಸ್ನೇಹಿತರಿಗೆ. ಯಾರಿಗೆ ಯಾವುದು ಎಂದು ಕಪ್ಪಂಚಿನ ಚೀಟಿ ಹೋಗುತ್ತದೆ. ಚೀಟಿ ಬಂದವರು ಬೇಡ ಅನ್ನುವುದಿಲ್ಲ. ಬೇಡ ಅಂದರೆ ಸತ್ತವರ ವಿಷಯದಲ್ಲಿ ತನ್ನ ಕೈ ಚೊಕ್ಕವಾಗಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ನನ್ನ ಮಾವ ತನ್ನ ಭಾವಮೈದುನನ ಜೊತೆ ಮೂವತ್ತು ವರ್ಷ ಮಾತು ಬಿಟ್ಟಿದ್ದ, ಆದರೂ ಅವನ ಹುರಿಯನ್ನು ತಪ್ಪದೆ ಹಿಡಿದು ಬಂದಿದ್ದ.

ಎರಡು ವಾರದ ಹಿಂದೆ ಊಟದ ಮೇಜಿನಲ್ಲಿ, ಮಗಳು ಮಿಸ್ ಮಾರ್ಜರಿ ಮತ್ತು ತಮ್ಮನ ಮಗ ಕ್ಯಾಪ್ಟನ್ ರುಪರ್ಟ್ ಇಬ್ಬರೂ ಇದ್ದಾಗ ಧಣಿಗಳು ನಗುತ್ತ ಹೇಳಿದ್ದರು. ನಾನೇ ಮಾಂಸದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

“ನನ್ನ ತಲೆ ಕಡೆ ಹುರಿಗೆ ಯಾರ ಹೆಸರು ಬರೆದಿದ್ದೀನೋ ಅವರಿಗೇ ಆರ್ಡ್‌ವ್ಯಾನಿ. ಉಯಿಲಲ್ಲೂ ಹಾಗೇ ಬರೆಸಿದ್ದೀನಿ. ಯಾರು ಅಂತ ಈಗ ಹೇಳಲ್ಲ. ಹೇಳಿಬಿಟ್ರೆ ನಿಮ್ಮಲ್ಲಿ ಒಬ್ಬರು ನನ್ನ ಜೊತೆ ಜಗಳ ಆಡೋದು ನಿಲ್ಲಿಸ್ತೀರಿ, ಇನ್ನೊಬ್ಬರು ನನ್ನ ಹಳೇ ಜೋಕಿಗೆ ನಗೋದು ನಿಲ್ಲಿಸ್ತೀರಿ. ನನಗೆ ಎರಡೂ ಬೇಕು.”

ಜಗಳ ಆಡುತ್ತಿದ್ದವಳು ಮಗಳು. ನಗುತ್ತಿದ್ದವನು ಯಾರೆಂದು ಬೇರೆ ಹೇಳಬೇಕಿಲ್ಲ.

ಧಣಿಗಳ ಹೆಣ ಸಿಕ್ಕ ಬೆಳಿಗ್ಗೆಯೇ ಅವರ ಬರೆಯುವ ಮೇಜಿನಲ್ಲಿ ಈ ಪಟ್ಟಿ ಕ್ಯಾಪ್ಟನ್‌ಗೆ “ಸಿಕ್ಕಿತು”. ಒಂದು, ಕ್ಯಾಪ್ಟನ್ ರುಪರ್ಟ್ ಲಾರಿಮರ್. ಎರಡು, ಲಾರ್ಡ್ ಕಿನ್‌ಬ್ರೇ. ಈ ಕಿನ್‌ಬ್ರೇ ನಮ್ಮ ಕಣಿವೆಯನ್ನು ಜಿಂಕೆ ಬೇಟೆಗೆ ಗುತ್ತಿಗೆ ಹಿಡಿಯಲು ಆರು ವರ್ಷದಿಂದ ಬಾಯಿ ಬಿಟ್ಟು ಕಾಯುತ್ತಿರುವವನು. ಕ್ಯಾಪ್ಟನ್ ಧಣಿಯಾದರೆ ನಲವತ್ತೊಂದು ಮನೆಯವರು ಗಂಟುಮೂಟೆ ಕಟ್ಟಿ ಕೆನಡಾದ ಹಡಗು ಹತ್ತುವುದು ಖಂಡಿತ. ಮಿಸ್ ಮಾರ್ಜರಿಗೆ ಹುಟ್ಟಿದ ಮನೆಯೇ ಇಲ್ಲ.

“ನಮ್ಮಪ್ಪನ ಹೆಸರೇ ಇಲ್ಲ,” ಎಂದ ಮರ್ಡೊ, ಮೆಲ್ಲಗೆ.

“ಎಂಟರಲ್ಲೂ ಇಲ್ಲ.”

ನೂರು ವರ್ಷಕ್ಕೂ ಹಿಂದಿನ ಕಲ್ಲೋಡನ್ ಯುದ್ಧದಲ್ಲಿ ಬಿದ್ದ ಲಾರಿಮರ್ ಧಣಿಯನ್ನು ಮೂರು ದಿನ ಹೆಗಲ ಮೇಲೆ ಹೊತ್ತು ಮನೆಗೆ ತಂದವನು ಗಿಲ್ಲೀಸ್ ಮನೆಯ ಕುರಿಗಾಹಿ. ಅವತ್ತಿನಿಂದ ಆರ್ಡ್‌ವ್ಯಾನಿಯಲ್ಲಿ ಯಾವ ಧಣಿ ಸತ್ತರೂ ಕಾಲಿನ ಕಡೆಯ ಹುರಿ ಗಿಲ್ಲೀಸ್ ಮನೆಗೇ. ರಾಜನೇ ಬಂದು ಪಕ್ಕದಲ್ಲಿ ನಿಂತರೂ ಅವನಿಗೆ ಮೂರನೆಯದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವಷ್ಟು ಸಣ್ಣ ವಿಷಯವಲ್ಲ ಅದು. ಕ್ಯಾಪ್ಟನ್ ಇಂಗ್ಲೆಂಡಿನಲ್ಲಿ ಬೆಳೆದವನು. ನಮ್ಮ ಮನೆಯ ಹಿಂದಿನ ಮೂರು ಸಾವಿನಲ್ಲಿ ಒಂದಕ್ಕಾದರೂ ಬಂದಿದ್ದರೆ ತಿಳಿಯುತ್ತಿತ್ತು.

“ನಮ್ಮಜ್ಜ ಹಳೇ ಧಣಿಗಳ ಹುರಿ ಹಿಡಿದಿದ್ದ, ಗೊತ್ತಾ? ಒಕ್ಕಲೆಬ್ಬಿಸೋಕೆ ನಮ್ಮ ಮಾಡಿಗೆ ಬೆಂಕಿ ಇಡಿಸಿದ ಧಣಿ ಅವರು. ಸುಟ್ಟ ಮನೆ ಮುಂದೆ ಅಜ್ಜಿ ಕೇಳಿದ್ಳಂತೆ, ಯಾಕೋ ಹೋಗ್ತೀಯ ಅಂತ. ಅವರು ಕೆಟ್ಟವರಾದ್ರೆ ಅದು ಅವರ ಪಾಡು, ಹುರಿ ನಮ್ಮದು ಅಂದನಂತೆ.” ಮರ್ಡೊ ಎದ್ದು ಕೋಟಿನ ಗುಂಡಿ ಹಾಕಿಕೊಂಡ. “ಅಪ್ಪ ನಾಲ್ಕು ದಿನದಿಂದ ಮನೆಯಿಂದಾಚೆ ಬಂದಿಲ್ಲ. ಹೆಣ ಮೊದಲು ನೋಡಿದವನು ಅವನೇ, ಅದರ ಸಂಕಟ ಅಂದ್ಕೊಂಡೆ. ಈಗ ಗೊತ್ತಾಯ್ತು. ಚೀಟಿ ಬರಲಿಲ್ಲ ಅಂತ ಮುದುಕ ಒಳಗೊಳಗೇ ಸಾಯ್ತಿದ್ದಾನೆ.”

“ಬುಧವಾರ ಕೈಗೆ ಬಟ್ಟೆ ಸುತ್ಕೊಂಡಿದ್ನಲ್ಲ, ಏನಾಗಿದೆಯಂತೆ?”

“ಟಗರು ಹಾಯ್ತಂತೆ.”

ಐವತ್ತೈದು ವರ್ಷ ಕುರಿ ಕಾಯ್ದ ಡೂಗಲ್ ಗಿಲ್ಲೀಸ್‌ಗೆ ಟಗರು ಹಾಯುವುದೇ! ಅನ್ನಿಸಿತು. ಆದರೆ ಆಗ ನನ್ನ ತಲೆ ತುಂಬ ಕ್ಯಾಪ್ಟನ್ ಇದ್ದ. ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ದೊಡ್ಡ ಹಾಲಿನಲ್ಲಿ ಓಕ್ ಮರದ ಪೆಟ್ಟಿಗೆ ಎರಡು ಎತ್ತರದ ಮಣೆಗಳ ಮೇಲೆ ಇತ್ತು. ನಮ್ಮ ಎಸ್ಟೇಟಿನ ಬಡಗಿ ವಾಟಿ ಹಿತ್ತಾಳೆ ತಿರುಪುಗಳನ್ನು ಉಜ್ಜುತ್ತಿದ್ದ. ಪೆಟ್ಟಿಗೆ ಮಾಡುವವನೂ ಅವನೇ, ಸ್ಮಶಾನದಲ್ಲಿ ಹುರಿಯ ನಂಬರು ಕೂಗುವವನೂ ಅವನೇ. ಹತ್ತೂವರೆ ಆಗಿತ್ತು. ಹೊರಗೆ ಅಂಗಳದಲ್ಲಿ ಮುನ್ನೂರು ಜನ ನಿಂತು ನಮ್ಮ ವಿಸ್ಕಿ ಕುಡಿದು ಧಣಿಗಳನ್ನು ಹೊಗಳುತ್ತಿದ್ದರು.

“ವಾಟಿ, ಈ ಪಟ್ಟಿ ಸರಿಯಾಗಿದೆಯಾ?” ಎಂದ ಮರ್ಡೊ.

“ನನಗೇನ್ ಗೊತ್ತು ಸಾರ್ಜೆಂಟ್, ಕೊಟ್ರು, ಚೀಟಿ ಹಂಚಿದೆ.”

“ಡೂಗಲ್‌ಗೆ ಚೀಟಿ ಇಲ್ಲ ಅಂತ ನಿನಗೆ ಕಾಣಲಿಲ್ವಾ?”

ವಾಟಿ ತಿರುಪನ್ನು ಇನ್ನೂ ಜೋರಾಗಿ ಉಜ್ಜಿದ. ಉಜ್ಜಿ ಉಜ್ಜಿ ಅದರ ತಲೆಯೇ ಸವೆದುಹೋಗುತ್ತದೇನೋ ಅನ್ನಿಸಿತು. ನನಗೆ ತಾಳ್ಮೆ ಕಡಿಮೆ.

“ವಾಟಿ, ನಿನ್ನ ಹೆಂಡತಿ ಎರಡನೇ ಹೆರಿಗೇಲಿ ಸಾಯೋ ಹಾಗಿದ್ದಾಗ ಈ ಮನೆಯ ಗಾಡಿ ಕಳಿಸಿ ಡಾಕ್ಟರನ್ನ ಕರೆಸಿದವರು ಯಾರು?”

“ಧಣಿಗಳು.”

“ಅವರು ಇಲ್ಲಿ ಮಲಗಿದಾರೆ. ನಿನ್ನಿಂದ ಒಂದು ಮೊಳ ದೂರದಲ್ಲಿ. ಈಗ ಮಾತಾಡು.”

ಅವನು ಬಟ್ಟೆಯನ್ನು ಜೇಬಿಗೆ ತುರುಕಿದ. ಕಣ್ಣಲ್ಲಿ ನೀರು ಬಂದಿತ್ತು.

“ಮೂರು ವರ್ಷದ ಹಿಂದೆ ಬಿರುಗಾಳಿಗೆ ದೊಡ್ಡ ಓಕ್ ಬಿತ್ತಲ್ಲ, ಆಗ ಧಣಿಗಳೇ ಶೆಡ್ಡಿಗೆ ಬಂದು ಹಲಗೆ ಆರಿಸಿದ್ರು. ಇದು ನನಗೆ ಇರಲಿ ವಾಟಿ, ಚೆನ್ನಾಗಿ ಒಣಗಲಿ, ನನಗೇನೂ ಅವಸರ ಇಲ್ಲ ಅಂದ್ರು. ಆಮೇಲೆ ಹೋದ ಬೇಸಿಗೇಲಿ ಬಂದು, ನನ್ನ ಪೆನ್ಸಿಲು ಇಸ್ಕೊಂಡು, ಮುಚ್ಚಳದ ಹಲಗೆ ಮೇಲೆ ಎಂಟು ಹೆಸರು ಬರೆದ್ರು. ಕಾಗದ ಕದೀಬಹುದು, ನನ್ನ ಮುಚ್ಚಳ ಯಾರು ಕದೀತಾರೆ ಅಂತ ನಕ್ಕರು.”

“ಆ ಹಲಗೆ ಎಲ್ಲಿ?”

ವಾಟಿ ಪೆಟ್ಟಿಗೆಯನ್ನೇ ತೋರಿಸಿದ. “ಅವರ ಅಕ್ಷರದ ಮೇಲೆ ತೋಪಡ ಹೊಡೆಯೋಕೆ ಕೈ ಬರಲಿಲ್ಲ. ಒಳಗಡೆ ಹಾಗೇ ಇದೆ, ಬಿಳೀ ಬಟ್ಟೆ ಕೆಳಗೆ. ಕ್ಯಾಪ್ಟನ್ ಕಾಗದ ತಂದಾಗ, ಧಣಿಗಳು ಮನಸ್ಸು ಬದಲಾಯಿಸಿರ್ತಾರೆ ಅಂದ್ಕೊಂಡೆ. ಮೇಲಾಗಿ ಕ್ಯಾಪ್ಟನ್ ಅಂದ್ರು, ನಾಳೆಯಿಂದ ಶೆಡ್ಡು ಯಾರದು ಅಂತ ನೆನಪಿಟ್ಟುಕೋ ಅಂತ.”

“ಏನು ಗುಸುಗುಸು?”

ಮೆಟ್ಟಿಲ ಮೇಲೆ ಕ್ಯಾಪ್ಟನ್ ರುಪರ್ಟ್ ನಿಂತಿದ್ದ. ಕಪ್ಪು ಕೋಟು, ಹೊಳೆಯುವ ಬೂಟು, ಆಗಲೇ ಬೆರಳಲ್ಲಿ ಧಣಿಗಳ ಉಂಗುರ. ಅವನ ಹಿಂದೆ ಎಡಿನ್‌ಬರೋದಿಂದ ಬಂದ ವಕೀಲರು, ಪಾದ್ರಿಗಳು. ಓದುವ ಕೋಣೆಯ ಬಾಗಿಲಲ್ಲಿ ಮಿಸ್ ಮಾರ್ಜರಿ, ನಾಲ್ಕು ದಿನದಿಂದ ನಿದ್ದೆಯಿಲ್ಲದ ಮುಖ.

“ಕ್ಯಾಪ್ಟನ್,” ಎಂದ ಮರ್ಡೊ, “ಈ ಮುಚ್ಚಳ ಬಿಚ್ಚಬೇಕು.”

“ತಲೆ ನೆಟ್ಟಗಿದೆಯಾ ನಿಂಗೆ? ಹೊರಗೆ ಇಡೀ ಸೀಮೆ ನಿಂತಿದೆ. ಡಾಕ್ಟರು ನೋಡಿ ಆಯ್ತು. ಕುರಿ ಕಾಯೋನ ಮಗನಿಗೆ ಪೊಲೀಸ್ ಟೋಪಿ ಕೊಟ್ರೆ ಹೀಗೇ.”

“ಕುರಿ ಕಾಯೋನ ಮಗನೇ ಸ್ವಾಮಿ. ಅದಕ್ಕೇ ಪಟ್ಟಿಯಲ್ಲಿ ತಪ್ಪು ಸಿಕ್ತು. ನೀವು ಕರ್ನಲ್ ಮಗ, ನಿಮಗೆ ಸಿಗಲಿಲ್ಲ.”

“ಬೇನ್!” ಕ್ಯಾಪ್ಟನ್ ನನ್ನ ಕಡೆ ತಿರುಗಿದ. “ಇವನನ್ನ ಅಡುಗೆಮನೆಗೆ ಕರ್ಕೊಂಡು ಹೋಗು.”

“ನನ್ನ ಅಡುಗೆಮನೆಗೆ ಯಾರು ಬರಬೇಕು ಅಂತ ಮೂವತ್ತೊಂದು ವರ್ಷದಿಂದ ನಾನೇ ಹೇಳ್ತಿರೋದು,” ಎಂದೆ. ಎದೆ ಹೊಡೆದುಕೊಳ್ಳುತ್ತಿತ್ತು, ನಿಜ. ಆದರೆ ಧ್ವನಿ ನೆಟ್ಟಗಿತ್ತು, ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಅಷ್ಟರಲ್ಲಿ ಮಿಸ್ ಮಾರ್ಜರಿ ಬಂದು ಪೆಟ್ಟಿಗೆಯ ತಲೆಯ ಹತ್ತಿರ ನಿಂತಳು. ಅಂಗೈಯನ್ನು ಮರದ ಮೇಲಿಟ್ಟಳು.

“ಇವರು ನಮ್ಮಪ್ಪ. ವಾಟಿ, ಬಿಚ್ಚು.”

ಆರು ತಿರುಪು. ಒಂದೊಂದು ಬಿಚ್ಚುವಾಗಲೂ ಕೀರಲು ಸದ್ದು. ಮರ್ಡೊ ಮತ್ತು ವಾಟಿ ಮುಚ್ಚಳವನ್ನು ಎತ್ತಿ ಗೋಡೆಗೆ ಒರಗಿಸಿದರು. ಧಣಿಗಳ ಮುಖದ ಮೇಲೆ ನಾನೇ ಕರವಸ್ತ್ರ ಮುಚ್ಚಿದೆ. ವಾಟಿ ಸಣ್ಣ ಮೊಳೆಗಳನ್ನು ಕಿತ್ತು ಬಿಳೀ ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಸುಲಿದ.

ಬಡಗಿಯ ದಪ್ಪ ಪೆನ್ಸಿಲು. ಬಲಕ್ಕೆ ವಾಲುವ ಅವಸರದ ಅಕ್ಷರ, ನಮ್ಮ ಮನೆಯ ದಿನಸಿ ಚೀಟಿಯಿಂದ ಹಿಡಿದು ಮಂತ್ರಿಗಳ ಕಾಗದದವರೆಗೆ ನಾನು ನೋಡಿದ ಅಕ್ಷರ. ವಕೀಲರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

“ಒಂದು, ನನ್ನ ಮಗಳು ಮಾರ್ಜರಿ. ಎರಡು, ಡೂಗಲ್ ಗಿಲ್ಲೀಸ್.”

ರುಪರ್ಟನ ಹೆಸರು ಏಳನೆಯದು. ಎಂಟು ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು: ವಾಟಿ, ಇದನ್ನು ಅಳಿಸಿದರೆ ದೆವ್ವವಾಗಿ ನಿನ್ನ ಶೆಡ್ಡಿಗೇ ಬರುತ್ತೇನೆ.

ವಾಟಿ ಅಳುತ್ತಲೇ ನಕ್ಕುಬಿಟ್ಟ.

ಮಿಸ್ ಮಾರ್ಜರಿ ನಗಲಿಲ್ಲ, ಅಳಲಿಲ್ಲ. ಪಾರ್ಲಿಮೆಂಟಿನಲ್ಲಿ ಹೆಂಗಸರು ಕೂರುವುದು ಕಂಬಿ ಹಾಕಿದ ಒಂದು ಗೂಡಿನಲ್ಲಿ, ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ. ಹತ್ತು ವರ್ಷ ಆ ಕಂಬಿಯ ಹಿಂದೆ ಕೂತು, ತಾನೇ ಬರೆದುಕೊಟ್ಟ ಮಾತನ್ನು ಅಪ್ಪ ಕೆಳಗೆ ನಿಂತು ಆಡುವುದನ್ನು ಕೇಳಿದವಳು ಅವಳು. ಒಕ್ಕಲೆಬ್ಬಿಸುವುದನ್ನು ತಡೆಯುವ ಕಾನೂನು ಬಂದಾಗ ಧಣಿಗಳು ತಮ್ಮ ಜೊತೆಯ ಜಮೀನುದಾರರ ಮುಖಕ್ಕೇ ಹೇಳಿದ್ದರು: ನನ್ನ ತಂದೆ ಮೂವತ್ತೆರಡು ಮಾಡು ಸುಡಿಸಿದರು, ಅವರ ಮಗ ಅದಕ್ಕಾಗಿ ಇಲ್ಲಿ ನಿಂತಿದ್ದಾನೆ. ಆ ಮಾತು ಬರೆದದ್ದು ಯಾರೆಂದು ನಮ್ಮ ಕಣಿವೆಗೆಲ್ಲ ಗೊತ್ತು. ಲಂಡನ್ನಿಗೆ ಗೊತ್ತಿಲ್ಲ, ಅಷ್ಟೆ.

“ಇದು ಹುಚ್ಚಾಟ,” ಎಂದ ಕ್ಯಾಪ್ಟನ್. “ನಿಮ್ಮ ಪದ್ಧತಿ ಪ್ರಕಾರ ಹೆಂಗಸರು ಸ್ಮಶಾನಕ್ಕೆ ಕಾಲೇ ಇಡಲ್ಲ. ಹುರಿ ಹೇಗೆ ಹಿಡೀತಾಳೆ? ಕಿಟಕಿಯಿಂದಾನಾ?”

“ಪದ್ಧತಿ ಈಗ ನೆನಪಾಯ್ತಾ ರುಪರ್ಟ್?” ಎಂದಳು ಮಿಸ್ ಮಾರ್ಜರಿ. “ಎರಡನೇ ಹುರಿ ಕಿನ್‌ಬ್ರೇಗೆ ಬರೆಯೋವಾಗ ನೆನಪಾಗಿದ್ರೆ ಚೆನ್ನಾಗಿತ್ತು. ಉಂಗುರ ತೆಗಿ.”

ಮರ್ಡೊ ಒಂದು ಹೆಜ್ಜೆ ಮುಂದಿಟ್ಟ. “ಪಟ್ಟಿ ಬರೆದದ್ದು ನೀವೇ ತಾನೆ?”

ಕ್ಯಾಪ್ಟನ್ ವಕೀಲರನ್ನು ನೋಡಿದ, ಪಾದ್ರಿಗಳನ್ನು ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. “ಬರೆದೆ. ಈ ಗುಡ್ಡ, ಈ ಮನೆ, ಒಬ್ಬ ಹೆಣ್ಣಿನ ಕೈಯಲ್ಲಿ ಹಾಳಾಗೋದು ಬೇಡ ಅಂತ ಬರೆದೆ. ದೊಡ್ಡಪ್ಪ ಸತ್ತ ಮೇಲೆ ಬರೆದೆ. ಕೊಂದು ಬರೆಯಲಿಲ್ಲ.”

“ಮಂಗಳವಾರ ಐದರಿಂದ ಏಳರವರೆಗೆ ಎಲ್ಲಿದ್ರಿ?”

“ಪಾದ್ರಿಗಳ ಮನೇಲಿ. ನಾಲ್ಕೂವರೆಗೆ ಹೋದೆ, ಅಲ್ಲೇ ಊಟ ಮಾಡಿದೆ. ಚದುರಂಗ ಆಡಿದ್ವಿ. ಮೂರು ಆಟ ಸೋತೆ.”

“ನಾಲ್ಕು,” ಎಂದರು ಪಾದ್ರಿಗಳು. ಸುಳ್ಳು ಹೇಳಲು ಬಾರದ ಮನುಷ್ಯ ಅವರು, ಅದೇ ಅವರ ಕಷ್ಟ. “ಕ್ಷಮಿಸಿ ಸಾರ್ಜೆಂಟ್. ಎಂಟು ಗಂಟೆ ತನಕ ನನ್ನ ಕಣ್ಣ ಮುಂದೇನೇ ಇದ್ರು.”

ಮರ್ಡೊನ ಮುಖ ಗಟ್ಟಿಯಾಯಿತು. ಕೈಗೆ ಸಿಕ್ಕಿದ ಕಳ್ಳ ಕಳ್ಳನೇ, ಆದರೆ ಬೇರೆ ಕಳ್ಳತನದವನು. ಹಾಗಾದರೆ ಸೇತುವೆಯ ಮೇಲೆ ಧಣಿಗಳ ಹಿಂದೆ ನಿಂತಿದ್ದವರು ಯಾರು?

“ಆ ಲೆಕ್ಕ ಸಾಯಂಕಾಲ,” ಎಂದ ಅವನು ಕೊನೆಗೆ. “ವಾಟಿ, ಮುಚ್ಚಳ ಹಾಕು. ಹೊಸ ಚೀಟಿ ಬರಿ. ಎರಡನೆಯದು ನಾನೇ ತಗೊಂಡು ಹೋಗ್ತೀನಿ ಅಪ್ಪನಿಗೆ.”

ಅವನು ಕುದುರೆ ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕಟ್ಟಿದ ಮೂಗು, ಒದ್ದೆ ಬೂಟು, ಎದೆಯ ಜೇಬಿನಲ್ಲಿ ಕಪ್ಪಂಚಿನ ಚೀಟಿ. ರಾಜಮುದ್ರೆ ಒಯ್ಯುವವನಿಗೂ ಅಂಥ ಗತ್ತು ಇರಲಾರದು.

“ಬೇನ್,” ಎಂದಳು ಮಿಸ್ ಮಾರ್ಜರಿ, “ನಿಮ್ಮ ಶಾಲು ತನ್ನಿ.”

“ನಾನೂನಾ, ಮಿಸ್?”

“ನಾನೊಬ್ಬಳೇ ಹೋದ್ರೆ ಅದು ಹಟ ಅಂತಾರೆ. ಇಬ್ಬರು ಹೋದ್ರೆ ಪದ್ಧತಿ.”

ಅವಳು ಅಪ್ಪನ ಹಳೆಯ ಚೌಕಳಿ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದಾಗ ಅಂಗಳದ ಮುನ್ನೂರು ಬಾಯಿ ಒಟ್ಟಿಗೆ ಮುಚ್ಚಿದವು. ಬ್ಯಾಗ್‌ಪೈಪಿನವನು ಊದಲು ಬಾಯಿಗಿಟ್ಟವನು ಹಾಗೇ ನಿಂತ. ವಕೀಲರು ಹೊರಗೆ ಬಂದು ಮುಚ್ಚಳದ ಮೇಲೆ ಬರೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು.

“ಹೆಂಗಸರು ಬಂದ್ರೆ ಮಳೆ ಬರುತ್ತೆ,” ಎಂದ ಮೇಲ್ಕಣಿವೆಯ ಮುದುಕನೊಬ್ಬ, ನಮಗೆ ಕೇಳುವಷ್ಟು ಮೆಲ್ಲಗೆ.

“ಬರಲಿ ಬಿಡೋ,” ಎಂದೆ, “ನಿನ್ನ ಟೋಪಿಗೆ ನೀರು ಬಿದ್ದು ಎಷ್ಟು ವರ್ಷ ಆಯ್ತೋ.”

ಯಾರೋ ನಕ್ಕರು. ಆಮೇಲೆ ಸುಟ್ಟ ಮನೆಗಳ ಮಕ್ಕಳು, ಮೊಮ್ಮಕ್ಕಳು, ಒಬ್ಬೊಬ್ಬರಾಗಿ ಟೋಪಿ ತೆಗೆದರು. ನಗುತ್ತಿದ್ದವರೂ ತೆಗೆದರು. ಕೊನೆಗೆ ಆ ಮುದುಕನೂ ತೆಗೆದ. ಧಣಿಗಳಿಗೆ ಟೋಪಿ ತೆಗೆಯುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೆ. ಇದು ಅವಳಿಗೆ. ಬೆರಳಿಗೆ ಗಾಯವಾದರೆ ನನ್ನ ಏಪ್ರನ್ನಿಗೆ ಮುಖ ಒರಸುತ್ತಿದ್ದ ಹುಡುಗಿಗೆ. ನನ್ನ ಕಣ್ಣು ತುಂಬಿತು, ಒರಸಿಕೊಳ್ಳಲೂ ಇಲ್ಲ.

ಸ್ಮಶಾನ ಒಂದು ಮೈಲಿ. ಎಂಟೆಂಟು ಜನ ಸರದಿಯಲ್ಲಿ ಹೆಗಲು ಕೊಟ್ಟರು. ಮಳೆ ಬರಲಿಲ್ಲ.

ಗೋಡೆಯ ಪಕ್ಕದಲ್ಲಿ ಮರ್ಡೊ ಕಾಯುತ್ತಿದ್ದ, ಟೋಪಿ ಕಂಕುಳಲ್ಲಿ. ಸಾವಿನ ಮನೆಯವರ ಹಾಗೆ ಬರಿದಲೆಯಲ್ಲಿ. ಪಕ್ಕದಲ್ಲಿ ಅವನ ಅಪ್ಪ ಡೂಗಲ್, ಭಾನುವಾರದ ಕರೀ ಕೋಟಿನಲ್ಲಿ, ಕೋಲಿನಷ್ಟು ನೆಟ್ಟಗೆ. ಬಲಗೈಗೆ ಇನ್ನೂ ಬಟ್ಟೆ ಸುತ್ತಿತ್ತು.

“ಬಂದ್ರಾ ಡೂಗಲ್?” ಎಂದೆ. “ಚೀಟಿ ಸಿಕ್ತಾ?”

“ಸಿಕ್ತು ಎಲ್ಸ್‌ಪೆತ್.” ಹೆಸರು ಹಿಡಿದು ಕರೆದನೇ ಹೊರತು ಅವನು ನನ್ನ ಮುಖ ನೋಡಲಿಲ್ಲ. “ಮುಚ್ಚಳದ ಮೇಲೆ ನನ್ನ ಹೆಸರು ಇತ್ತಂತೆ. ಅವರೇ ಬರೆದದ್ದಂತೆ.”

“ಅವರೇ. ಮಗಳ ಹೆಸರಿನ ಕೆಳಗೇ.”

ಮುದುಕ ಕೋಟಿನ ತೋಳಿನಿಂದ ಕಣ್ಣು ಒರಸಿಕೊಂಡ. ಸಂತೋಷಕ್ಕೆ ಅಂದುಕೊಂಡೆ. ಮರ್ಡೊನೂ ಹಾಗೇ ಅಂದುಕೊಂಡಿರಬೇಕು, ಅಪ್ಪನ ಕಾಲರಿನ ಮೇಲಿದ್ದ ಉಣ್ಣೆಯ ಎಳೆಯೊಂದನ್ನು ತೆಗೆದು ಬಿಸಾಡಿದ.

ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಅಡ್ಡ ಹಲಗೆಗಳ ಮೇಲಿಟ್ಟರು. ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ವಾಟಿ ಗಂಟಲು ಸರಿಮಾಡಿಕೊಂಡು ಕೂಗಿದ.

“ಒಂದನೇ ಹುರಿ! ಮಿಸ್ ಮಾರ್ಜರಿ ಲಾರಿಮರ್!”

ಅವಳು ಹೋಗಿ ತಲೆಯ ಕಡೆ ನಿಂತಳು. ಬಗ್ಗಿ ಕಪ್ಪು ಕುಚ್ಚನ್ನು ಎತ್ತಿಕೊಂಡು ಎರಡು ಸುತ್ತು ಕೈಗೆ ಸುತ್ತಿಕೊಂಡಳು, ಗಂಡಸರು ಸುತ್ತಿಕೊಳ್ಳುವ ಹಾಗೇ. ಆರ್ಡ್‌ವ್ಯಾನಿ ಅವಳದಾಯಿತು.

“ಎರಡನೇ ಹುರಿ! ಡೂಗಲ್ ಗಿಲ್ಲೀಸ್!”

ಡೂಗಲ್ ಕದಲಲಿಲ್ಲ.

ಕಿವಿ ಮಂದ, ಕೇಳಿಲ್ಲ ಎಂದುಕೊಂಡು ವಾಟಿ ಇನ್ನೊಮ್ಮೆ ಕೂಗಿದ. ಆಮೇಲೆ ಏನು ಮಾಡಬೇಕೋ ತೋಚದೆ ಮೂರು, ನಾಲ್ಕು, ಐದು ಎಂದು ಮುಂದೆ ಕರೆದ. ಏಳನೆಯದಕ್ಕೆ ಕ್ಯಾಪ್ಟನ್ ಕೂಡ ಬಂದು ತಲೆ ತಗ್ಗಿಸಿ ಹಿಡಿದ. ಎಂಟನೆಯದೂ ಆಯಿತು. ಕಾಲಿನ ಕಡೆ ಒಂದು ಹುರಿ ಮಾತ್ರ ಹುಲ್ಲಿನ ಮೇಲೆ ಬಿದ್ದಿತ್ತು.

“ಅಪ್ಪಾ,” ಎಂದ ಮರ್ಡೊ, “ನಿನ್ನ ಕರೀತಿದಾರೆ.”

“ಕೇಳಿಸ್ತು.”

ಮುದುಕ ಮೂರು ಹೆಜ್ಜೆ ನಡೆದು ಪೆಟ್ಟಿಗೆಯ ಕಾಲಿನ ಕಡೆ ಮಂಡಿಯೂರಿದ. ಎಡಗೈಯಿಂದ ಮರವನ್ನು ಒಮ್ಮೆ ಮುಟ್ಟಿದ, ಕುರಿಮರಿಯ ಬೆನ್ನು ಮುಟ್ಟುವ ಹಾಗೆ. ಹುರಿಯನ್ನು ಮುಟ್ಟಲಿಲ್ಲ. ಎದ್ದು ನಿಂತು ಬಲಗೈಯ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದ. ಅಂಗೈಯ ಉದ್ದಕ್ಕೂ ಚರ್ಮ ಕಿತ್ತುಹೋಗಿತ್ತು. ಟಗರು ಹಾಯ್ದ ಗಾಯವಲ್ಲ ಅದು. ಹಿಡಿದುಕೊಂಡಿದ್ದನ್ನು ಇನ್ಯಾರೋ ಬಲವಂತವಾಗಿ ಎಳೆದಾಗ ಆಗುವ ಗಾಯ.

“ಈ ಹುರಿ ಹಿಡಿಯೋ ಕೈ ಇದಲ್ಲ ಮರ್ಡೊ,” ಎಂದ. ಧ್ವನಿ ಎಲ್ಲರಿಗೂ ಕೇಳಿತು. “ಧಣಿಗಳ ಕೋಲು ನಮ್ಮನೆ ಮಾಡಿನ ಸಂದೀಲಿದೆ. ನಾನೇ ಇಟ್ಟಿದ್ದು.”

ಮೂರು ದಿನ ನೀರಲ್ಲಿ ನಿಂತ ಮಗ ಅಪ್ಪನನ್ನೇ ನೋಡುತ್ತ ನಿಂತ.

“ಹೇಗೆ ಬಂತು ಅದು ನಿನ್ನ ಹತ್ರ?”

“ಅದನ್ನ ಹೇಳಲ್ಲ. ಧಣಿಗಳಿಗೆ ಮಾತು ಕೊಟ್ಟಿದ್ದೀನಿ. ಸೇತುವೆ ಮೇಲೆ, ಅವರ ಕೊನೇ ಮಾತಿಗೆ.” ಡೂಗಲ್ ತಲೆ ಎತ್ತಿದ. “ಗಿಲ್ಲೀಸ್ ಮನೆಯವರು ಲಾರಿಮರ್ ಮನೆಗೆ ಕೊಟ್ಟ ಮಾತು ಇವತ್ತಿನ ತನಕ ಮುರಿದಿಲ್ಲ. ನೇಣಿಗೆ ಹಾಕಿದ್ರೂ ಮುರಿಯಲ್ಲ. ನೀನು ನಿನ್ನ ಕೆಲಸ ಮಾಡು.”

ಏಳು ಜನ ಏಳು ಹುರಿ ಹಿಡಿದು ನಿಂತಿದ್ದರು. ಆ ಎರಡನೆಯದನ್ನು ಯಾರಾದರೂ ಹಿಡಿಯದೆ ಪೆಟ್ಟಿಗೆ ಇಳಿಯುವಂತಿಲ್ಲ. ಮಿಸ್ ಮಾರ್ಜರಿಯ ಮುಖ ಅವಳ ಅಪ್ಪನದರ ಹಾಗೆಯೇ ಕಂಡಿತು ನನಗೆ, ಪಾರ್ಲಿಮೆಂಟಿಗೆ ಹೊರಡುವ ಬೆಳಿಗ್ಗೆ ಅವರು ಕಾಣುತ್ತಿದ್ದ ಹಾಗೆ.

“ಸಾರ್ಜೆಂಟ್,” ಎಂದಳು. “ಎರಡನೇ ಹುರಿ ಗಿಲ್ಲೀಸ್ ಮನೆಯದು. ಹಿಡೀರಿ.”

ಮರ್ಡೊ ಟೋಪಿಯನ್ನು ಹುಲ್ಲಿನ ಮೇಲಿಟ್ಟ. ಬಗ್ಗಿ ಹುರಿ ಎತ್ತಿಕೊಂಡು ಕೈಗೆ ಎರಡು ಸುತ್ತು ಸುತ್ತಿದ. ಹಲಗೆ ಎಳೆದರು. ಎಂಟು ಕೈಗಳಲ್ಲಿ ಹುರಿ ಸಡಿಲವಾಗುತ್ತ ಹೋಯಿತು. ನಮ್ಮ ಧಣಿಗಳು ಒಂದು ಅಲುಗಾಟವಿಲ್ಲದೆ ಮಟ್ಟಸವಾಗಿ ಕೆಳಗಿಳಿದರು. ಅಪ್ಪ ಮಗನ ಕೈಗಳನ್ನೇ ನೋಡುತ್ತಿದ್ದ. ಅಂಥ ಹೊತ್ತಿನಲ್ಲೂ ಆ ಮುದುಕನ ಕಣ್ಣಲ್ಲಿ ಹೆಮ್ಮೆಯಿತ್ತು, ನಾನು ಕಂಡೆ.

ಮರ್ಡೊ ಹುರಿಯ ಕೊನೆಯನ್ನು ಗುಂಡಿಯೊಳಗೆ ಬಿಟ್ಟ. ಟೋಪಿಯನ್ನು ಎತ್ತಿ ಹುಲ್ಲು ಕೊಡವಿ ತಲೆಗೆ ಹಾಕಿಕೊಂಡ. ಆಮೇಲೆ, ಸಾರ್ಜೆಂಟ್ ಆಗಿ, ಅಪ್ಪನ ಕಡೆ ತಿರುಗಿದ.